ಫ್ಲ್ಯಾಟ್ ಹ್ಯಾಂಡಲ್‌ಬಾರೋ, ರೈಸರೋ?

ಸೈಕಲ್‌ನಲ್ಲಿ ಮಣಿಪಾಲದ ಏರು ಹತ್ತುವವರಿಗೆ ಫ್ಲ್ಯಾಟ್, ಅಂದರೆ ನೇರ ಬಾರ್ ಒಳ್ಳೆಯದು: ಮೈ ಮುಂದಕ್ಕೆ ಬಾಗುತ್ತದೆ, ಮುಂದಿನ ಚಕ್ರ ಸುಲಭಕ್ಕೆ ನೆಲ ಬಿಡುವುದಿಲ್ಲ. ಆದರೆ ಭಾರ ಅಂಗೈ ಮೇಲೆ ಬೀಳುತ್ತದೆ. ಮುರಕಲ್ಲಿನ ದಾರಿಯಲ್ಲಿ ಸ್ವಲ್ಪ ಹೊತ್ತು ಕುಲುಕಿದರೆ ಕಿರುಬೆರಳಿಗೆ ಜೋಮು ಹಿಡಿಯುತ್ತದೆ. ಕುತ್ತಿಗೆ, ಸೊಂಟ ನೋಯುವವರು ಹಿಡಿಯುವ ತುದಿಗಳು ನಡುಭಾಗಕ್ಕಿಂತ 20ರಿಂದ 40 ಮಿ.ಮೀ. ಮೇಲಿರುವ ರೈಸರ್ ಬಾರನ್ನೇ ತಗೊಳ್ಳಿ. ಇಳಿಜಾರಿನಲ್ಲೂ ಧೈರ್ಯ ಜಾಸ್ತಿ. ನನ್ನ ಮತ ಅದಕ್ಕೇ.

ಅಗಲದ ವಿಷಯದಲ್ಲಿ ಅವಸರ ಬೇಡ. 780 ಮಿ.ಮೀ. ಬಾರ್ ಕಾಡುದಾರಿಗೆ ಹಿತ, ಮಂಗಳೂರಿನ ಹಂಪನಕಟ್ಟೆಯ ಟ್ರಾಫಿಕ್‌ನಲ್ಲಿ ಕಷ್ಟ. ಸಣ್ಣ ಭುಜದವರಿಗಂತೂ ಕೈ ಚಾಚಿ ಚಾಚಿ ಸುಸ್ತು. ಮೊದಲು ಗ್ರಿಪ್, ಬ್ರೇಕ್ ಲಿವರ್ ಒಳಗೆ ಸರಿಸಿ ಓಡಿಸಿ ನೋಡಿ. ಹಿತವೆನಿಸಿದರೆ ಮಾತ್ರ ಎರಡೂ ಬದಿ ಸಮವಾಗಿ ಕತ್ತರಿಸಿ. ಬಾರನ್ನು ನಡುವೆ ಹಿಡಿದಿಡುವ ಸ್ಟೆಮ್‌ನ ಅಳತೆಯನ್ನೂ ನೋಡಿಕೊಳ್ಳಿ: 31.8 ಮಿ.ಮೀ. ಸ್ಟೆಮ್‌ಗೆ 35 ಮಿ.ಮೀ. ದಪ್ಪದ ಬಾರ್ ಕೂರುವುದಿಲ್ಲ.