ಎಚ್‌ಡಿ 800 ಎಸ್ ಮತ್ತು ಸುಸ್ವರ: ಯಾವ ಹೆಡ್‌ಫೋನ್‌ಗೆ ಯಾವ ಆಂಪ್ಲಿಫೈಯರ್?

ಬೆಲೆಬಾಳುವ ಹೆಡ್‌ಫೋನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಇದಕ್ಕೆ ಯಾವ ಡ್ಯಾಕ್ ಒಪ್ಪುತ್ತದೆ’ ಎಂದು. ಡ್ಯಾಕ್ ಎಂದರೆ ಡಿಜಿಟಲ್ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ; ಆ ಸಂಕೇತಕ್ಕೆ ಹೆಡ್‌ಫೋನ್ ನಡೆಸುವಷ್ಟು ಬಲ ಕೊಡುವುದು ಆಂಪ್ಲಿಫೈಯರ್. ಸೆನ್‌ಹೈಸರ್ ಕಂಪನಿಯ ಎಚ್‌ಡಿ 800 ಎಸ್ ಮತ್ತು ಹೈಫೈಮ್ಯಾನ್ ಕಂಪನಿಯ ಸುಸ್ವರ ಎರಡನ್ನೂ ಹಲವು ತಿಂಗಳು ಒಂದೇ ಮೇಜಿನ ಮೇಲಿಟ್ಟುಕೊಂಡು, ಬೇರೆ ಬೇರೆ ಆಂಪ್ಲಿಫೈಯರ್ ಮತ್ತು ಡ್ಯಾಕ್‌ಗಳ ಜೊತೆ ಕೇಳಿದ ಮೇಲೆ, ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು ಎಂಬುದು ನನಗೆ ಖಚಿತವಾಗಿದೆ. ಮೊದಲು ಹೆಡ್‌ಫೋನ್, ಆಮೇಲೆ ಅದನ್ನು ನಡೆಸಬಲ್ಲ ಆಂಪ್ಲಿಫೈಯರ್, ಹಣ ಉಳಿದರೆ ಡ್ಯಾಕ್.

ಎಚ್‌ಡಿ 800 ಎಸ್ 2009ರ ಎಚ್‌ಡಿ 800ರ ಪರಿಷ್ಕೃತ ರೂಪ. 56 ಮಿಲಿಮೀಟರ್‌ನ ಉಂಗುರಾಕಾರದ ಡ್ರೈವರ್ (ಧ್ವನಿ ಹೊಮ್ಮಿಸುವ ಭಾಗ) ಕಿವಿಯಿಂದ ತುಸು ದೂರದಲ್ಲಿ, ಓರೆಯಾಗಿ ಕುಳಿತಿರುವುದರಿಂದ ಧ್ವನಿ ತಲೆಯೊಳಗೆ ಮೊಳಗದೆ ಮುಂದೆ ಹರಡಿಕೊಂಡಂತೆ ಕೇಳುತ್ತದೆ. ಹಳೆಯ ಮಾದರಿಯಲ್ಲಿ 6 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಕಿವಿಗೆ ಚುಚ್ಚುತ್ತಿದ್ದ ಏರನ್ನು ಇದರಲ್ಲಿ ತಗ್ಗಿಸಿದ್ದಾರೆ. ಪಿಟೀಲಿನ ಕಮಾನು ತಂತಿಯನ್ನು ಕಚ್ಚುವ ಆ ಒಂದು ಕ್ಷಣದ ಒರಟು ಸದ್ದು, ಅದರ ಬೆನ್ನಿಗೇ ತೆರೆದುಕೊಳ್ಳುವ ಸ್ವರ, ಇವೆರಡೂ ಬೇರೆ ಬೇರೆಯಾಗಿ ಕೇಳುವುದು ಇದರ ದೊಡ್ಡ ಗುಣ. ಆದರೆ ತೀರಾ ಕೆಳಗಿನ ಬೇಸ್ ತೆಳುವಾಗಿದೆ. ಡಬಲ್ ಬೇಸ್‌ನ ಕೆಳಗಿನ ತಂತಿ ಮೀಟಿದಾಗ ಬೆರಳು ಕೇಳುತ್ತದೆ, ಮರದ ಒಡಲು ಅಷ್ಟಾಗಿ ಕೇಳುವುದಿಲ್ಲ.

ಸುಸ್ವರ ಎಂಬ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದು ಪ್ಲೇನಾರ್ ಜಾತಿಯದು. ಸುರುಳಿ ಅಂಟಿಸಿದ ಕೋನ್‌ಗೆ ಬದಲಾಗಿ ಅತಿ ತೆಳುವಾದ ಹಾಳೆಯೊಂದು ಅಯಸ್ಕಾಂತಗಳ ನಡುವೆ ಇಡಿಯಾಗಿ ಕಂಪಿಸುತ್ತದೆ. ಬೇಸ್ ತಳದವರೆಗೂ ಸಮನಾಗಿ ಇಳಿಯುತ್ತದೆ, ಹಾಡುವವರ ದನಿಗೆ ಎದೆಯ ತುಂಬು ಇರುತ್ತದೆ. ಎಚ್‌ಡಿ 800 ಎಸ್ 330 ಗ್ರಾಂ ತೂಗಿದರೆ ಇದು 450 ಗ್ರಾಂ ತೂಗುತ್ತದೆ, ಎರಡನೆಯ ಗಂಟೆಗೆ ಕುತ್ತಿಗೆಗೆ ಅದು ಗೊತ್ತಾಗುತ್ತದೆ. ಎರಡೂ ಹಿಂಬದಿ ತೆರೆದ ಹೆಡ್‌ಫೋನ್‌ಗಳು. ಪಕ್ಕದಲ್ಲಿ ಕುಳಿತವರಿಗೂ ಹಾಡು ಕೇಳುತ್ತದೆ.

ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ, ಅಳತೆ ಓಮ್‌ಗಳಲ್ಲಿ) ಹೆಚ್ಚಿದ್ದರೆ ಹೆಡ್‌ಫೋನ್ ನಡೆಸುವುದು ಕಷ್ಟ ಎಂದು ಬಹಳ ಜನ ನಂಬಿದ್ದಾರೆ. ಆ ಲೆಕ್ಕದಲ್ಲಿ 300 ಓಮ್‌ನ ಎಚ್‌ಡಿ 800 ಎಸ್ ಕಷ್ಟದ್ದಾಗಿ, 60 ಓಮ್‌ನ ಸುಸ್ವರ ಸುಲಭದ್ದಾಗಿ ಇರಬೇಕಿತ್ತು. ನಿಜ ಸಂಗತಿ ತಿರುವುಮುರುವಾಗಿದೆ, ಏಕೆಂದರೆ ಓಮ್ ಜೊತೆಗೆ ಸೆನ್ಸಿಟಿವಿಟಿಯನ್ನೂ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನೂ ನೋಡಬೇಕು. ಸುಸ್ವರಕ್ಕೆ 1 ಮಿಲಿವ್ಯಾಟ್ ಕೊಟ್ಟರೆ ಬರುವುದು ಕೇವಲ 83 ಡೆಸಿಬೆಲ್. ಎಚ್‌ಡಿ 800 ಎಸ್ ಅಷ್ಟೇ ಶಕ್ತಿಗೆ ಸುಮಾರು 97 ಡೆಸಿಬೆಲ್ ಕೊಡುತ್ತದೆ. ಸಂಗೀತದ ಅತಿ ಜೋರಾದ ಕ್ಷಣಗಳಿಗೆ 110 ಡೆಸಿಬೆಲ್‌ವರೆಗೆ ಅವಕಾಶ ಇರಲಿ ಎಂದುಕೊಳ್ಳೋಣ (ಇದು ಕ್ಷಣಮಾತ್ರದ ಏರಿಗೆ ಹೇಳಿದ ಮಾತು, ಆ ಮಟ್ಟದಲ್ಲಿ ಕೇಳುತ್ತಾ ಕುಳಿತರೆ ಕಿವಿ ಹಾಳಾಗುತ್ತದೆ). ಅಷ್ಟಕ್ಕೆ ಎಚ್‌ಡಿ 800 ಎಸ್‌ಗೆ ಎರಡೂವರೆ ವೋಲ್ಟ್ ಮತ್ತು 8 ಮಿಲಿಆಂಪಿಯರ್ ಸಾಕು, ಅಂದರೆ 20 ಮಿಲಿವ್ಯಾಟ್ ಚಿಲ್ಲರೆ. ಸುಸ್ವರಕ್ಕೆ ಐದೂವರೆ ವೋಲ್ಟ್ ಬೇಕು, 90 ಮಿಲಿಆಂಪಿಯರ್ ಬೇಕು, ಒಟ್ಟು ಅರ್ಧ ವ್ಯಾಟ್. ಒಂದಕ್ಕಿಂತ ಇನ್ನೊಂದಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಶಕ್ತಿ!

ಈ ಲೆಕ್ಕ ಮಾಡದೆ ನಾನು ಪೆಟ್ಟು ತಿಂದಿದ್ದೇನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪ್ (ನಿರ್ವಾತ ಕೊಳವೆಗಳ ಆಂಪ್ಲಿಫೈಯರ್) ಒಂದನ್ನು ಎಚ್‌ಡಿ 800 ಎಸ್‌ಗೆಂದು ತಂದು ಬಹಳ ಮೆಚ್ಚಿಕೊಂಡಿದ್ದೆ. ಅದರ ಶಕ್ತಿಯನ್ನು ಕೈಪಿಡಿಯಲ್ಲಿ 300 ಓಮ್‌ಗೆ ಮಾತ್ರ ನಮೂದಿಸಿದ್ದರು. ಅದನ್ನು ಗಮನಿಸದೆ ಸುಸ್ವರವನ್ನು ಸಿಕ್ಕಿಸಿದಾಗ ಮೆಲ್ಲನೆಯ ಭಾಗಗಳು ಚೆನ್ನಾಗಿಯೇ ಕೇಳಿದವು. ಪಿಯಾನೊ ಜೋರಾದ ಕೂಡಲೇ ಸ್ವರದ ಅಂಚು ಒಡೆದು ಗೊರಗೊರ ಎಂದಿತು. ಹೆಡ್‌ಫೋನೇ ಕೆಟ್ಟಿದೆಯೆಂದು ಒಂದು ವಾರ ಕೊರಗಿದೆ. ಕೆಟ್ಟಿದ್ದದ್ದು ಏನೂ ಇರಲಿಲ್ಲ. ಆ ಬಗೆಯ ಆಂಪ್‌ಗಳು ವೋಲ್ಟೇಜ್ ಧಾರಾಳವಾಗಿ ಕೊಡುತ್ತವೆ, ಕರೆಂಟ್ ಕೊಡಲಾರವು. ಜೊತೆಗೆ ಅವುಗಳ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಆಂಪ್‌ನದೇ ಒಳಗಿನ ತಡೆ, ಹೆಚ್ಚು. 120 ಓಮ್ ಔಟ್‌ಪುಟ್ ಇರುವ ಆಂಪ್‌ಗೆ 60 ಓಮ್‌ನ ಹೆಡ್‌ಫೋನ್ ಜೋಡಿಸಿದರೆ ವೋಲ್ಟೇಜಿನ ಮೂರರಲ್ಲಿ ಎರಡು ಪಾಲು ಆಂಪ್‌ನೊಳಗೇ ಕರಗಿಹೋಗುತ್ತದೆ.

ಅದೇ ಆಂಪ್ ಎಚ್‌ಡಿ 800 ಎಸ್ ಜೊತೆ ಇಂಪಾಗಿ ಕೇಳಿದ್ದಕ್ಕೂ ಇದೇ ಔಟ್‌ಪುಟ್ ಇಂಪಿಡೆನ್ಸ್ ಕಾರಣ. ಆ ಹೆಡ್‌ಫೋನ್‌ನ 300 ಓಮ್ ಎಲ್ಲ ಸ್ವರಗಳಿಗೂ ಒಂದೇ ಅಲ್ಲ. 100 ಹರ್ಟ್ಜ್ ಹತ್ತಿರ ಅದು ದುಪ್ಪಟ್ಟು ಮಟ್ಟಕ್ಕೆ ಏರುತ್ತದೆ. ಅಲ್ಲಿ ಆಂಪ್‌ನೊಳಗೆ ಕಳೆದುಹೋಗುವ ಪಾಲು ಕಡಿಮೆಯಾಗಿ, ಆ ಭಾಗದ ಬೇಸ್ ಸುಮಾರು ಒಂದು ಡೆಸಿಬೆಲ್ ಮೇಲೇಳುತ್ತದೆ. ತೆಳು ಎಂದು ನಾನು ದೂರಿದ ಧ್ವನಿಗೆ ಅಷ್ಟರಲ್ಲೇ ಮೈ ಬರುತ್ತದೆ. ಜನ ‘ಟ್ಯೂಬ್‌ನ ಬೆಚ್ಚನೆ’ ಎನ್ನುವುದರಲ್ಲಿ ಒಂದು ಪಾಲು ಇದೇ. ಬೇಕೆಂದು ಆರಿಸಿಕೊಂಡರೆ ತಪ್ಪಿಲ್ಲ. ಬೇಡವೆನ್ನುವವರು ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನ್‌ನದರ ಎಂಟನೆಯ ಒಂದು ಪಾಲಿಗಿಂತ ಕಡಿಮೆ ಇರುವಂತೆ ನೋಡಿಕೊಳ್ಳಬೇಕು. ಪ್ಲೇನಾರ್‌ಗಳ ಇಂಪಿಡೆನ್ಸ್ ಹೆಚ್ಚುಕಡಿಮೆ ಸಮತಟ್ಟಾಗಿರುವುದರಿಂದ ಅವುಗಳಲ್ಲಿ ಈ ಬದಲಾವಣೆ ಕಾಣುವುದಿಲ್ಲ.

ಈಗ ನನ್ನ ಸುಸ್ವರ ಟ್ರಾನ್ಸಿಸ್ಟರ್ ಆಂಪ್ ಒಂದರ 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಜ್ಯಾಕ್‌ನಲ್ಲಿದೆ. ಬ್ಯಾಲೆನ್ಸ್ಡ್ (ಪ್ರತಿ ಕಿವಿಗೂ ಎರಡು ಆಂಪ್ ಭಾಗಗಳು ಎದುರುಬದುರಾಗಿ ದುಡಿಯುವ ಜೋಡಣೆ) ಎಂಬುದು ಧ್ವನಿಗೆ ಮಾಂತ್ರಿಕವಾಗಿ ಏನನ್ನೂ ಸೇರಿಸುವುದಿಲ್ಲ. ವೋಲ್ಟೇಜ್ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಕರೆಂಟ್ ಜೊತೆಗೆ ಸುಸ್ವರಕ್ಕೆ ಬೇಕಾದದ್ದೂ ಅದೇ.

ಡ್ಯಾಕ್ ವಿಷಯದಲ್ಲಿ ನನ್ನ ಅನುಭವವನ್ನು ಬಿಡಿಸಿ ಹೇಳಬೇಕು. ಒಂದು ಸಾಧಾರಣ ಡ್ಯಾಕ್, ಇನ್ನೊಂದು ಅದರ ಹತ್ತು ಪಟ್ಟು ಬೆಲೆಯದು. ದುಬಾರಿಯದರಲ್ಲಿ ಗಾಯಕಿಯ ಉಸಿರು ಹತ್ತಿರ ಬಂದಂತೆ, ಹಿನ್ನೆಲೆ ಕಪ್ಪಾದಂತೆ ಕೇಳಿತು; ನಾನು ಅದನ್ನೇ ಇಟ್ಟುಕೊಳ್ಳಲು ನಿರ್ಧರಿಸಿದ್ದೆ. ಆಮೇಲೆ ಕೈಪಿಡಿ ನೋಡಿದರೆ ಅದರ ಔಟ್‌ಪುಟ್ 2.5 ವೋಲ್ಟ್, ಸಾಧಾರಣದ್ದು 2 ವೋಲ್ಟ್. ಅಂದರೆ ಸುಮಾರು 2 ಡೆಸಿಬೆಲ್ ಜೋರು. ಇಷ್ಟು ಸಣ್ಣ ಅಂತರವನ್ನು ಕಿವಿ ‘ಜೋರು’ ಎಂದು ಗುರುತಿಸದೆ ‘ಸ್ಪಷ್ಟ’ ಎಂದು ಗುರುತಿಸಿಬಿಡುತ್ತದೆ. 400 ಹರ್ಟ್ಜ್‌ನ ಸ್ವರವೊಂದನ್ನು ನುಡಿಸಿ, ಆಂಪ್‌ನ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿದು, ಎರಡೂ ಅರ್ಧ ವೋಲ್ಟ್ ತೋರುವಂತೆ ಹೊಂದಿಸಿದೆ. ಆರು ಮಿಲಿವೋಲ್ಟ್ ವ್ಯತ್ಯಾಸವಾದರೂ 0.1 ಡೆಸಿಬೆಲ್ ಆಗುತ್ತದೆ, ಅದರೊಳಗೆ ತಂದೆ. ಬಳಿಕ ಸ್ನೇಹಿತರೊಬ್ಬರು ನನ್ನ ಬೆನ್ನ ಹಿಂದೆ ಬದಲಾಯಿಸುತ್ತಾ ಹೋದಾಗ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಶಬ್ದದೋಷವಿಲ್ಲದ, ಆಂಪ್‌ಗೆ ಸಾಕಷ್ಟು ವೋಲ್ಟೇಜ್ ಕೊಡುವ ಯಾವುದೇ ಒಳ್ಳೆಯ ಡ್ಯಾಕ್ ಈ ಎರಡು ಹೆಡ್‌ಫೋನ್‌ಗಳಿಗೂ ಸಾಕು. ದುಬಾರಿಯದನ್ನು ಹಿಂದಿರುಗಿಸಿದೆ.

ಅಂಗಡಿಯಲ್ಲಿ ಕೇಳುವಾಗ ವಾಲ್ಯೂಮ್ ಗುಂಡಿಯನ್ನು ತೀರಾ ಕೆಳಗಿಟ್ಟೂ ಒಮ್ಮೆ ನೋಡಬೇಕು. ಕೆಲವು ಆಂಪ್‌ಗಳಲ್ಲಿ ಅಲ್ಲಿ ಒಂದು ಕಿವಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕೇಳುತ್ತದೆ. ಕನ್ನಡಕ ಹಾಕುವವರು ಕನ್ನಡಕದ ಸಮೇತವೇ ಕೇಳಬೇಕು. ನನ್ನ ದಪ್ಪ ಕಡ್ಡಿಯ ಕನ್ನಡಕ ಸುಸ್ವರದ ಪ್ಯಾಡನ್ನು ಕಿವಿಯ ಹಿಂದೆ ಒಂದು ಎಳೆ ಎತ್ತಿ ಹಿಡಿಯುತ್ತಿತ್ತು, ಆ ಸಂದಿಯಲ್ಲಿ ಬೇಸ್ ಸೋರುತ್ತಿತ್ತು. ಕನ್ನಡಕ ತೆಗೆದು, ಕಣ್ಣು ಮುಚ್ಚಿ ಕೇಳಿದಾಗ ಡಬಲ್ ಬೇಸ್‌ನ ಮರ ಮೊದಲ ಸಲ ಪೂರ್ತಿ ಮೊಳಗಿತು.