ಆರ್ಕ್ಟಿಕ್ ಮಂಕೀಸ್ 'ದಿ ಕಾರ್': ಬಿಡೋಕೂ ಆಗಲ್ಲ, ಪೂರ್ತಿ ಒಪ್ಪೋಕೂ ಆಗಲ್ಲ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್‌ನ 'ದಿ ಕಾರ್' ಆಲ್ಬಮ್ ರಿಲೀಸ್ ಆಗಿದ್ದು 2022ರ ಅಕ್ಟೋಬರ್ 21ಕ್ಕೆ. ಬಂದ ವಾರದಲ್ಲೇ ಕೇಳಿ ವಿಮರ್ಶೆ ಬರೆಯೋ ಥರದ ಆಲ್ಬಮ್ ಇದಲ್ಲ ಅಂತ ಆಗ್ಲೇ ಅನ್ಸಿತ್ತು, ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ಈಗ ವರ್ಷಗಟ್ಲೆ ಕೇಳಿ, ಬೇಜಾರಾಗಿ ಬಿಟ್ಟು, ಮತ್ತೆ ನಾನೇ ಹುಡುಕ್ಕೊಂಡು ಹೋಗಿ ಕೇಳಿ, ಮನೆ ಸ್ಪೀಕರಲ್ಲಿ, ಹೆಡ್‌ಫೋನಲ್ಲಿ, ಊರಿಗೆ ಹೋಗೋ ರಾತ್ರಿ ಬಸ್ಸಲ್ಲಿ ಎಲ್ಲಾ ಕಡೆ ಕೇಳಿ ಆದ್ಮೇಲೆ ಬರೀತಿದೀನಿ. ಒಟ್ಟು ಹತ್ತು ಹಾಡು, 37 ನಿಮಿಷ. ಈ ಬ್ಯಾಂಡಿನ ಏಳನೇ ಆಲ್ಬಮ್.

ಒಂದು ಮಾತು ಮೊದ್ಲೇ ಹೇಳ್ತೀನಿ. ಇದನ್ನ ಬೈಯೋರೆಲ್ಲ ಸಾಮಾನ್ಯವಾಗಿ ಹೇಳೋದು 'ಹಳೇ ಮಂಕೀಸ್ ಬೇಕು, ಬದಲಾಗ್ಬಿಟ್ರು' ಅಂತ. ನನ್ನ ತಕರಾರು ಅದಲ್ಲ. ಈ ಬ್ಯಾಂಡ್ ಯಾವತ್ತು ಒಂದೇ ಥರ ಇತ್ತು ಹೇಳಿ? 2009ರಲ್ಲಿ 'ಹಂಬಗ್' ಆಲ್ಬಮ್ ಬಂದಾಗ್ಲೇ ಮರುಭೂಮಿ ಕಡೆ ಹೋಗಿ ಅಮೆರಿಕದ ರಾಕ್ ಗಿಟಾರಿಸ್ಟ್ ಜಾಶ್ ಹೋಮಿ ಜೊತೆ ಕೂತು ಪೂರ್ತಿ ಕತ್ತಲೆ ಸೌಂಡ್ ಮಾಡ್ಕೊಂಡು ಬಂದ್ರು, 2013ರ 'ಎಎಮ್'ನಲ್ಲಿ ಮತ್ತೆ ಬೇರೆ, ಅದರ 'ಡು ಐ ವಾನ್ನಾ ನೋ' ಹಾಡಿನ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಅಂತೂ ಗಿಟಾರ್ ಕಲಿಯೋಕೆ ಶುರು ಮಾಡಿದ ಹುಡುಗ್ರೆಲ್ಲ ನುಡಿಸೋ ಹಾಗಾಯ್ತು, 2018ರ ಆಲ್ಬಮ್ಮಲ್ಲಿ ಚಂದ್ರನ ಮೇಲೊಂದು ಹೋಟೆಲ್ ಕಟ್ಟಿ ಪಿಯಾನೋ ಮುಂದೆ ಕೂತ್ಬಿಟ್ರು. ಆ ಹೋಟೆಲ್ ಆಲ್ಬಮ್ಮೂ ನಂಗೆ ತುಂಬಾ ಇಷ್ಟ. ಹಾಡು ಬರೆದು ಹಾಡೋ ಅಲೆಕ್ಸ್ ಟರ್ನರ್‌ಗೆ ಮೂವತ್ತು ತುಂಬಿದಾಗ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೋ ಗಿಫ್ಟ್ ಕೊಟ್ಟಿದ್ರು, ಅದ್ರ ಮೇಲೇ ಆ ಹಾಡುಗಳೆಲ್ಲ ಹುಟ್ಟಿದ್ದು. ಹಂಗಾಗಿ ಬದಲಾವಣೆ ಅನ್ನೋದು ನಂಗೆ ದೂರು ಅಲ್ವೇ ಅಲ್ಲ.

ನನ್ನ ತಕರಾರು ಇಷ್ಟೇ: ಇದು ನಾಲ್ಕು ಜನರ ಬ್ಯಾಂಡು, 'ದಿ ಕಾರ್'ನಲ್ಲಿ ತುಂಬಾ ಕಡೆ ಒಬ್ರೇ ಕೇಳಿಸ್ತಾರೆ.

ಇದ್ಯಾಕೆ ಇಷ್ಟು ಚುಚ್ಚುತ್ತೆ ಅಂತ ಅರ್ಥ ಆಗ್ಬೇಕಂದ್ರೆ ಇವರು ಎಲ್ಲಿಂದ ಬಂದ್ರು ಅಂತ ಗೊತ್ತಿರ್ಬೇಕು. ಇಂಗ್ಲೆಂಡಿನ ಶೆಫೀಲ್ಡ್, ಅದ್ರಲ್ಲಿ ಹೈ ಗ್ರೀನ್ ಅನ್ನೋ ಏರಿಯಾ. ಗಿಗ್ ಮಾಡಿದಾಗೆಲ್ಲ ಡೆಮೊ ಸಿಡಿ ಬರ್ನ್ ಮಾಡಿ ಬಂದೋರಿಗೆ ಪುಕ್ಸಟ್ಟೆ ಹಂಚೋರು, ಅದನ್ನ ಫ್ಯಾನ್ಸೇ ಇಂಟರ್ನೆಟ್ಟಿಗೆ ಹಾಕಿ ದೇಶ ತುಂಬಾ ಹಬ್ಬಿಸಿದ್ರು. ಆಮೇಲೆ 2005ರಲ್ಲಿ ಸೈನ್ ಮಾಡಿದ್ದು ಡೊಮಿನೋ ಅನ್ನೋ ಇಂಡಿಪೆಂಡೆಂಟ್ ಲೇಬಲ್‌ಗೆ, 'ದಿ ಕಾರ್' ಕೂಡ ಬಂದಿದ್ದು ಅಲ್ಲಿಂದ್ಲೇ. 2006ರ ಜನವರಿಯಲ್ಲಿ ಮೊದಲ ಆಲ್ಬಮ್ ಬಂತು ನೋಡಿ, ಬ್ರಿಟನ್ ಒಂದ್ರಲ್ಲೇ ಮೊದಲ ವಾರಕ್ಕೆ 3,60,000ಕ್ಕಿಂತ ಜಾಸ್ತಿ ಕಾಪಿ ಹೋಯ್ತು, ಟರ್ನರ್‌ಗೆ ಆಗಷ್ಟೇ 20 ತುಂಬಿತ್ತು. ಹಾಡಲ್ಲಿ ಇದ್ದಿದ್ದೇನು? ವೀಕೆಂಡ್ ರಾತ್ರಿ ಕ್ಲಬ್ ಬಾಗಿಲಲ್ಲಿ ಒಳಗೆ ಬಿಡದ ಬೌನ್ಸರ್, ಟ್ಯಾಕ್ಸಿಯಲ್ಲಿ ಜಾಗ ಸಾಲದೆ ಆಗೋ ಜಗಳ, ಪೊಲೀಸ್ ವ್ಯಾನು. ಹುಬ್ಬಳ್ಳಿ ಹುಡುಗ ಯಾರ ಮುಲಾಜೂ ಇಲ್ದೆ ಹುಬ್ಬಳ್ಳಿ ಮಾತಲ್ಲೇ ಹಾಡಿದ್ರೆ ಹೆಂಗಿರುತ್ತೆ, ಹಂಗೆ ಶೆಫೀಲ್ಡ್ ಮಾತಲ್ಲೇ ಹಾಡಿದ. ಬೆಂಗಳೂರಲ್ಲಿ ರಾಕ್ ಅಂದ್ರೆ ಮೆಟಾಲಿಕಾ, ಐರನ್ ಮೇಡನ್ ಅಂತಿದ್ದ ಕಾಲದಲ್ಲಿ ನಂಗೆ ಇದು ಸಿಕ್ಕಿದ್ದು, ಟೀ ಶರ್ಟ್ ಹಾಕ್ಕೊಂಡು ನಿಂತ ಪಕ್ಕದ್ಮನೆ ಹುಡುಗ್ರೂ ಬ್ಯಾಂಡ್ ಆಗ್ಬಹುದು ಅಂತ ಮೊದಲ ಸಲ ಅನ್ಸಿದ್ದು ಇವರಿಂದ್ಲೇ.

ಆ ಆಲ್ಬಮ್ಮಿನ ಮೊದಲ ಹಾಡು ಶುರುವಾಗೋದನ್ನ ಕೇಳಿ, ಡ್ರಮ್ಸೇ ಬಾಗಿಲು ಒದ್ದು ಒಳಗೆ ಬರುತ್ತೆ. 2007ರ 'ಬ್ರಯನ್‌ಸ್ಟಾರ್ಮ್' ಅಂತೂ ಕೇಳೋದೇ ಬೇಡ, ಡ್ರಮ್ಮರ್ ಮ್ಯಾಟ್ ಹೆಲ್ಡರ್ಸ್ ಕೈ ನಿಲ್ಲೋದೇ ಇಲ್ಲ. ನಂಗೆ ಈ ಬ್ಯಾಂಡ್ ಅಂದ್ರೆ ಅರ್ಧ ಟರ್ನರ್ ಮಾತು, ಇನ್ನರ್ಧ ಹೆಲ್ಡರ್ಸ್ ಕೈ.

ಈಗ 'ದಿ ಕಾರ್'ಗೆ ಬನ್ನಿ. ಆಲ್ಬಮ್ಮಿನ ಕವರ್ ಫೋಟೋ ತೆಗೆದಿದ್ದು ಹೆಲ್ಡರ್ಸೇ, ಲಾಸ್ ಏಂಜಲಿಸ್‌ನಲ್ಲಿ ಯಾವುದೋ ಬಿಲ್ಡಿಂಗ್ ಮೇಲಿನ ಖಾಲಿ ಪಾರ್ಕಿಂಗಲ್ಲಿ ಒಂದೇ ಒಂದು ಬಿಳಿ ಕಾರು, ತುಂಬಾ ಚೆಂದದ ಫೋಟೋ. ಆದ್ರೆ ಒಳಗಡೆ ಹಾಡುಗಳಲ್ಲಿ ಅವರಿಗೆ ಕೆಲ್ಸ ಕಮ್ಮಿ. ನಿಕ್ ಓ'ಮ್ಯಾಲಿ ಬೇಸ್ ಚೆನ್ನಾಗಿ ಓಡಾಡುತ್ತೆ, ಅದನ್ನ ಒಪ್ತೀನಿ, ಜೇಮೀ ಕುಕ್ ಗಿಟಾರ್ ಮಾತ್ರ ಎಷ್ಟೋ ಕಡೆ ವಯಲಿನ್‌ಗಳ ಹಿಂದೆ ಹುಡುಕ್ಬೇಕು. ಸ್ಟ್ರಿಂಗ್ಸ್ ಅಂದ್ರೆ ಸುಮ್ನೆ ಹಿಂದೆ ಮೆತ್ತಗೆ ಬರೋ ಸ್ಟ್ರಿಂಗ್ಸ್ ಅಲ್ಲ, ಪೂರಾ ಆರ್ಕೆಸ್ಟ್ರಾ, ಹಳೇ ಕಾಲದ ಸಿನಿಮಾ ಮ್ಯೂಸಿಕ್ ಥರ. ಪ್ರೊಡ್ಯೂಸರ್ ಜೇಮ್ಸ್ ಫೋರ್ಡ್, 2007ರಿಂದ ಇವರ ಜೊತೆ ಇರೋರು. ಸಫೋಕ್ ಕಡೆ ಬಟ್ಲಿ ಪ್ರಯರಿ ಅನ್ನೋ ಹಳೇ ಕಟ್ಟಡದಲ್ಲಿ, ಪ್ಯಾರಿಸ್ ಹತ್ರ ಲಾ ಫ್ರೆಟ್ ಸ್ಟುಡಿಯೋದಲ್ಲಿ ಎಲ್ಲಾ ಕೂತು ರೆಕಾರ್ಡ್ ಮಾಡಿದಾರೆ. ಸೌಂಡ್ ಕ್ವಾಲಿಟಿಗೆ ಒಂದು ಮಾತೂ ಆಡೋ ಹಾಗಿಲ್ಲ, ಅಷ್ಟು ತಣ್ಣಗೆ, ಅಷ್ಟು ಬಿಡುವಾಗಿ ಇದೆ. ಫೋನ್ ಸ್ಪೀಕರಲ್ಲಿ ಮಾತ್ರ ದಯವಿಟ್ಟು ಕೇಳ್ಬೇಡಿ, ಅರ್ಧ ಆಲ್ಬಮ್ ಕೇಳ್ಸೋದೇ ಇಲ್ಲ.

ಮೊದಲ ಹಾಡು 'ದೇರ್ಡ್ ಬೆಟರ್ ಬಿ ಎ ಮಿರರ್‌ಬಾಲ್'. ದನಿ ಬರೋಕೆ ಮುಂಚೆ ಪಿಯಾನೋ, ಸ್ಟ್ರಿಂಗ್ಸ್ ಸುಮಾರು ಹೊತ್ತು ಓಡುತ್ತೆ, ಆಮೇಲೆ ಟರ್ನರ್ ಬಂದು ಬೀಳ್ಕೊಡೋ ಹಾಡು ಹಾಡ್ತಾರೆ. ಕಾರಿನ ತನಕ ಬಂದು ಬಿಟ್ಟು ಹೋಗೋ ಹೊತ್ತು, ಅಷ್ಟೇ ವಿಷಯ, ಆದ್ರೆ ಆ ಎತ್ತರದ ಸ್ವರಕ್ಕೆ ಹೋದಾಗೆಲ್ಲ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಗುತ್ತೆ. ಈ ಹಾಡಿನ ಬಗ್ಗೆ ನಂಗೆ ಒಂದು ಚೂರೂ ತಕರಾರಿಲ್ಲ.

'ಸ್ಕಲ್ಪ್‌ಚರ್ಸ್ ಆಫ್ ಎನಿಥಿಂಗ್ ಗೋಸ್' ಇನ್ನೂ ಒಂದು ಕೈ ಮೇಲೆ. ಅದ್ರಲ್ಲಿ ಡ್ರಮ್ ಮಷೀನ್ ಒಂದು ಸಮನೆ ಟಕ್ ಟಕ್ ಅಂತಿರುತ್ತೆ, ಕೆಳಗೆ 'ಮೂಗ್' ಅನ್ನೋ ಸಿಂತಸೈಜರ್ ಗುಡುಗೋ ಹಾಗೆ ಬಂದು ನಿಲ್ಲುತ್ತೆ, ಮತ್ತೆ ಬರುತ್ತೆ, ನಡುವೆ ಪೂರ್ತಿ ಖಾಲಿ. ಡ್ರಮ್ಸ್ ಇಲ್ಲ ಅಂತ ಗೋಳಾಡೋ ನಂಗೂ ಇಲ್ಲಿ ಡ್ರಮ್ಸ್ ಬೇಕು ಅನ್ಸಲ್ಲ, ಯಾಕಂದ್ರೆ ಆ ಖಾಲಿ ಜಾಗವೇ ಹಾಡು. ಬಿಟ್ಟಿದ್ದಕ್ಕೆ ಒಂದು ಕಾರಣ ಕೇಳಿಸುತ್ತೆ. ಬೇರೆ ಹಾಡುಗಳಲ್ಲಿ ನಂಗೆ ಆ ಕಾರಣ ಕೇಳಿಸಲ್ಲ, ಅಷ್ಟೇ.

ಉದಾಹರಣೆಗೆ 'ಜೆಟ್ ಸ್ಕೀಸ್ ಆನ್ ದ ಮೋಟ್', 'ಹಲೋ ಯು', 'ಮಿಸ್ಟರ್ ಶ್ವಾರ್ಟ್ಸ್'. ಒಂದೊಂದೇ ಕೇಳಿದ್ರೆ ಚೆನ್ನಾಗಿವೆ, ಸಾಲಾಗಿ ಕೇಳಿದ್ರೆ ಎಲ್ಲಾ ಒಂದೇ ನಡಿಗೆ, ಒಂದೇ ವೇಗ, ಮೇಲೆ ಟರ್ನರ್ ಸಾಲುಗಳು ಮಾತ್ರ ಉದುರ್ತಾ ಇರ್ತವೆ. ಆ ಸಾಲುಗಳೂ ಅಷ್ಟೇ, ಮುಂಚೆ ಟ್ಯಾಕ್ಸಿ ಜಗಳ ಕಣ್ಮುಂದೆ ಬರೋದು, ಈಗ ಸಿನಿಮಾ ಶೂಟಿಂಗ್, ಗೂಢಚಾರರು, ರಜೆಗೆ ಹೋದ ಜಾಗಗಳು ಎಲ್ಲಾ ತುಂಡು ತುಂಡಾಗಿ ಬಂದು ಹೋಗ್ತವೆ, ಯಾರು ಯಾರಿಗೆ ಏನು ಹೇಳ್ತಿದಾರೆ ಅಂತ ಹಿಡಿಯೋಕೆ ಆಗಲ್ಲ. ಎಷ್ಟು ಸಲ ಕೇಳಿದ್ರೂ ಈ ಮೂರು ಹಾಡುಗಳ ಜೊತೆ ನಂಗೆ ನಂಟು ಬೆಳೀಲಿಲ್ಲ. 'ಐ ಏಂಟ್ ಕ್ವೈಟ್ ವೇರ್ ಐ ಥಿಂಕ್ ಐ ಆಮ್' ಪರವಾಗಿಲ್ಲ, ವಾ-ವಾ ಗಿಟಾರ್ ಇದೆ, ಕಾಲು ತಾನಾಗೇ ಕುಣಿಯುತ್ತೆ.

'ಬಿಗ್ ಐಡಿಯಾಸ್' ಮಾತ್ರ ನನ್ನ ಬಿಡಲ್ಲ. ಬ್ಯಾಂಡಿನವರೆಲ್ಲ ಹುರುಪಲ್ಲಿದ್ರು, ನನ್ನ ತಲೇಲಿ ದೊಡ್ಡ ದೊಡ್ಡ ಐಡಿಯಾ ಇದ್ವು, ಈಗ ಅವು ಹೆಂಗಿದ್ವು ಅಂತಾನೇ ನೆನಪಾಗ್ತಿಲ್ಲ ಅನ್ನೋ ಅರ್ಥದಲ್ಲಿ ಹಾಡ್ತಾರೆ. ಅಂದ್ರೆ ನಾನು ಇಲ್ಲಿ ಬರೀತಿರೋ ದುಃಖ ಅವರಿಗೂ ಗೊತ್ತಿದೆ ಅನ್ಸುತ್ತೆ ನಂಗೆ. ಅದು ಗೊತ್ತಿದ್ದೂ ಇಷ್ಟು ಚೆನ್ನಾಗಿ ಹಾಡ್ತಾರಲ್ಲ ಅಂತ ಪ್ರೀತಿ ಬರುತ್ತೆ, ಗೊತ್ತಿದ್ಮೇಲೆ ಆ ಮೂರು ಜನರನ್ನ ಇನ್ನೊಂಚೂರು ಮುಂದೆ ಕರ್ಕೊಂಡು ಬರಬಾರ್ದಿತ್ತಾ ಅಂತ ಸಿಟ್ಟೂ ಬರುತ್ತೆ.

ಹಂಗೆ ಕರ್ಕೊಂಡು ಬಂದ್ರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ ಇದೇ ಆಲ್ಬಮ್ಮಲ್ಲಿದೆ: 'ಬಾಡಿ ಪೇಂಟ್'. ಪಿಯಾನೋ, ನಯವಾದ ದನಿಯಿಂದ ಶುರು, ಆಮೇಲೆ ಸ್ಟ್ರಿಂಗ್ಸ್ ಏರುತ್ತೆ, ಆಮೇಲೆ ಗಿಟಾರ್ ಒರಟಾಗಿ ಮಧ್ಯ ನುಗ್ಗಿ ಎಲ್ಲಾನೂ ಎತ್ಕೊಂಡು ಹೋಗುತ್ತೆ. ಲೈವಲ್ಲಿ ನೋಡಿ ಇದನ್ನ. 2023ರ ಜೂನಲ್ಲಿ ಗ್ಲಾಸ್ಟನ್‌ಬರಿ ಮ್ಯೂಸಿಕ್ ಫೆಸ್ಟಿವಲ್‌ನಲ್ಲಿ ಹೆಡ್‌ಲೈನ್ ಮಾಡಿದ್ರು, ಅದಕ್ಕೆ ಕೆಲವೇ ದಿನ ಮುಂಚೆ ಟರ್ನರ್ ಗಂಟಲು ಕೆಟ್ಟು ಡಬ್ಲಿನ್ ಶೋನೇ ಕ್ಯಾನ್ಸಲ್ ಆಗಿತ್ತು. ಲೈವಲ್ಲಿ 'ಬಾಡಿ ಪೇಂಟ್' ಕೊನೆಯನ್ನ ಎಳೆದು ಎಳೆದು ಗಿಟಾರ್ ಮೇಲೆ ಗಿಟಾರ್ ಹಾಕಿ ನುಡಿಸ್ತಾರೆ, ಹಿಂದೆ ಹೆಲ್ಡರ್ಸ್ ಸಿಂಬಲ್ ಮೇಲೆ ಬಡಿಯೋದು ನೋಡಿದ್ರೆ ಎದೆ ತುಂಬಿ ಬರುತ್ತೆ. ಆಲ್ಬಮ್ಮಲ್ಲಿ ನಂಗೆ ಸಿಗದೇ ಇದ್ದಿದ್ದು ಅಲ್ಲಿ ಪೂರ್ತಿ ಸಿಕ್ತು.

ಚಾರ್ಟ್ ವಿಷಯ ಎತ್ತೋರಿಗೆ ಒಂದು ಮಾತು: ಮುಂಚಿನ ಆರೂ ಆಲ್ಬಮ್ ಬ್ರಿಟನ್‌ನಲ್ಲಿ ನಂಬರ್ ಒನ್, ಇದು ಎರಡಕ್ಕೆ ನಿಂತಿದ್ದು ಅದೇ ದಿನ ಟೇಲರ್ ಸ್ವಿಫ್ಟ್ 'ಮಿಡ್‌ನೈಟ್ಸ್' ಬಂದಿದ್ದಕ್ಕೆ. ಅದನ್ನ ಸೋಲು ಅಂತ ನಾನು ಲೆಕ್ಕಕ್ಕೇ ಇಡಲ್ಲ.

ಹೊಸದಾಗಿ ಕೇಳೋರಾದ್ರೆ ಇದ್ರಿಂದ ಶುರು ಮಾಡ್ಬೇಡಿ, ಮೊದಲ ಆಲ್ಬಮ್ಮೋ 'ಎಎಮ್ಮೋ' ಕೇಳಿ ಬನ್ನಿ. ಹಳಬರಾಗಿದ್ದು ಒಂದೆರಡು ಸಲ ಕೇಳಿ ಬಿಟ್ಟಿದ್ರೆ, ರಾತ್ರಿ ಹೊತ್ತು ಒಳ್ಳೇ ಹೆಡ್‌ಫೋನಲ್ಲಿ 'ಮಿರರ್‌ಬಾಲ್', 'ಸ್ಕಲ್ಪ್‌ಚರ್ಸ್', 'ಬಾಡಿ ಪೇಂಟ್', 'ಬಿಗ್ ಐಡಿಯಾಸ್' ನಾಲ್ಕನ್ನ ಮತ್ತೆ ಕೇಳಿ, ಟೈಟಲ್ ಹಾಡಿನ ಕೊನೆಗೆ ಬರೋ ಗಿಟಾರ್ ಸೋಲೋ ಒಂದು ಬಿಡ್ಬೇಡಿ. ಐದಕ್ಕೆ ಮೂರೂವರೆ ಕೊಡ್ತೀನಿ. ಮುಂದಿನ ಆಲ್ಬಮ್ ಬಂದ ದಿನವೇ ತಗೋತೀನಿ, ಅದ್ರಲ್ಲಿ ಅನುಮಾನವೇ ಇಲ್ಲ, ಪಿಯಾನೋನೇ ಇರ್ಲಿ, ಆರ್ಕೆಸ್ಟ್ರಾನೇ ಇರ್ಲಿ, ಆದ್ರೆ ಒಂದು ಹಾಡಾದ್ರೂ ಮೊದಲಿಂದ ಕೊನೆತನಕ ಹೆಲ್ಡರ್ಸ್ ಕೈಗೆ ಬಿಟ್ಟುಕೊಡಿ ಮಾರಾಯ್ರೆ.