ಗಾಳಿ ಅಳೆಯುವ ಮೀಟರ್: ಹೊಗೆ ಹಿಡಿಯುತ್ತದೆ, ಕಾರ್ಬನ್ ಅಂಕಿ ನಂಬಬೇಡಿ

ಮುಧೋಳದ ನಮ್ಮ ಮನೆಗೆ ಗಾಳಿ ಅಳೆಯುವ ಮೀಟರ್ ತರಿಸಿದ್ದೇನೆ. ಮೂರು ಸಾವಿರದ ಆಸುಪಾಸು ಸಿಗುವ, ಅಂಗೈ ಅಗಲದ್ದು. ಅವ್ವನಿಗೆ ದಮ್ಮಿನ ತೊಂದರೆ ಇದೆ, ಕಬ್ಬಿನ ಸೀಸನ್ ಶುರುವಾಯಿತೆಂದರೆ ಕೆಮ್ಮು ಜಾಸ್ತಿ. ಕಿಟಕಿ ಯಾವಾಗ ಮುಚ್ಚಬೇಕು ಅಂತ ಗೊತ್ತಾದರೆ ಸಾಕಿತ್ತು. ಆ ಒಂದು ಕೆಲಸಕ್ಕೆ ಐದಕ್ಕೆ ನಾಲ್ಕು ಸ್ಟಾರ್.

ಒಳಗೊಂದು ಲೇಸರ್ ಇದೆ, ಕಣಗಳಿಗೆ ತಾಗಿ ಚದುರಿದ ಬೆಳಕಿನಿಂದ ಪಿಎಂ2.5, ಅಂದರೆ ಎದೆಯೊಳಕ್ಕೆ ಇಳಿಯುವ ತೀರಾ ಸಣ್ಣ ಕಣಗಳು ಎಷ್ಟಿವೆ ಅಂತ ಲೆಕ್ಕ ಹಾಕುತ್ತದೆ. ಹತ್ತಿರದ ಹೊಲದಲ್ಲಿ ರವದಿಗೆ (ಕಬ್ಬಿನ ಒಣಗಿದ ಎಲೆಗೆ) ಬೆಂಕಿ ಹಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಅಂಕಿ ನೂರು ದಾಟುತ್ತದೆ. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬರೀ 15. ಮಂಜು ಬಿದ್ದ ಬೆಳಿಗ್ಗೆ ಮಾತ್ರ ನಂಬಬೇಡಿ, ತೇವವನ್ನೂ ಹೊಗೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ದಪ್ಪ ಧೂಳೂ ಇದಕ್ಕೆ ಸರಿಯಾಗಿ ಸಿಗುವುದಿಲ್ಲ. ಲೋಕಾಪುರ ರಸ್ತೆಯಲ್ಲಿ ಸಿಮೆಂಟ್ ಲಾರಿ ಹೋದ ಮೇಲೆ ಬಾಯಿ ತುಂಬ ಧೂಳು, ದಪ್ಪ ಕಣಗಳನ್ನೂ ಸೇರಿಸಿ ಹೇಳುವ ಪಿಎಂ10 ಅಂಕಿ ಅಷ್ಟಾಗಿ ಅಲುಗಲಿಲ್ಲ.

ನನಗೆ ಸಿಟ್ಟು ಬಂದದ್ದು ಕಾರ್ಬನ್ ಡೈಆಕ್ಸೈಡ್ ವಿಷಯಕ್ಕೆ. ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ಆದರೆ ಅದನ್ನು ಅಳೆಯುವ ಸೆನ್ಸರೇ ಒಳಗಿಲ್ಲ. ಬೇರೆ ಅನಿಲಗಳನ್ನು ನೋಡಿ ಅಂದಾಜು ಮಾಡುತ್ತದೆ. ಸ್ಯಾನಿಟೈಸರ್ ಬಾಟಲಿ ತೆರೆದರೂ ಅಂಕಿ ಹಾರುತ್ತದೆ! ಇದು ಮೋಸ ಅಲ್ವಾ?

ಕಾರ್ಬನ್ ಒಂದು ಲೆಕ್ಕ, ಉಸಿರಿಗೆ ಹೋಗುವ ಹೊಗೆ ಇನ್ನೊಂದು ಲೆಕ್ಕ. ಮೀಟರ್ ಹಿಡಿದು ಓಡಾಡಿದ ಮೇಲೆ ಇದು ನನಗೆ ಬಹಳ ಮುಖ್ಯ ಅನ್ನಿಸಿದೆ. ಕಾರ್ಬನ್‌ಗೆ ಬೆಲೆ ಕಟ್ಟಿದರೆ, ಅಂದರೆ ಅದನ್ನು ಬಿಡುವವರು ತೆರಿಗೆಯಾಗಿಯೋ ಕ್ರೆಡಿಟ್ ಕೊಂಡೋ ಹಣ ತೆರುವಂತೆ ಮಾಡಿದರೆ, ಗಾಳಿ ತಾನಾಗಿಯೇ ಸರಿಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಕಲ್ಲಿದ್ದಲ ಮಟ್ಟಿಗೆ ಅದು ನಿಜ, ಕಡಿಮೆ ಸುಟ್ಟರೆ ಗಂಧಕದ ಹೊಗೆ, ಹಾರುಬೂದಿ ಎರಡೂ ಕಡಿಮೆ. ನಮ್ಮ ದೇಶದಲ್ಲಿ 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಇದ್ದ ಸೆಸ್ (ಹೆಚ್ಚುವರಿ ತೆರಿಗೆ) 2016ಕ್ಕೆ 400 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಿದರು. ಆಮೇಲೆ ಅಕ್ಟೋಬರ್‌ನಲ್ಲಿ ಕಾರ್ಬನ್ ಕ್ರೆಡಿಟ್ ಯೋಜನೆಯ (ಗುರಿಗಿಂತ ಕಡಿಮೆ ಕಾರ್ಬನ್ ಬಿಟ್ಟವರಿಗೆ ಮಾರಬಹುದಾದ ಕ್ರೆಡಿಟ್ ಸಿಗುತ್ತದೆ) ಮೊದಲ ಗುರಿಗಳು ಬಂದವು: ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ (ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡುವ) ಕಾರ್ಖಾನೆಗಳಿಗೆ. ಹೊಳೆ ಆಚೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸ್ಥಾವರ ಇದೆ, ಆದರೆ ಕಲ್ಲಿದ್ದಲ ವಿದ್ಯುತ್ ಆ ಪಟ್ಟಿಯಲ್ಲೇ ಇಲ್ಲ.

ಇನ್ನು ಸಿಮೆಂಟ್. ಅದರ ಕಾರ್ಬನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಸುಣ್ಣದಕಲ್ಲು ಕಾಯಿಸುವಾಗ ಆ ಕಲ್ಲಿನಿಂದಲೇ. ಹಾಗೆ ಕಾಯಿಸಿ ಬರುವ ಗಟ್ಟಿ ಉಂಡೆ, ಅಂದರೆ ಕ್ಲಿಂಕರ್, ಕಡಿಮೆ ಮಾಡಿ ಹಾರುಬೂದಿ ಬೆರೆಸಿದರೆ ಕಾರ್ಬನ್ ಇಳಿಯುತ್ತದೆ, ಗೂಡಿನ ಹೊಗೆಯೂ ಇಳಿಯುತ್ತದೆ. ಆದರೆ ರಸ್ತೆಯ ಧೂಳಿಗೆ ಯಾವ ಕ್ರೆಡಿಟ್ಟೂ ಇಲ್ಲ. ಗುರಿ ಇಟ್ಟಿರುವುದೂ ಪ್ರತಿ ಟನ್ ಸರಕಿಗೆ ಇಷ್ಟು ಅಂತ, ಉತ್ಪಾದನೆ ಏರಿದರೆ ಒಟ್ಟು ಹೊಗೆಯೂ ಏರಬಹುದು.

ನಮ್ಮ ಭಾಗದ ದೊಡ್ಡ ಸಮಸ್ಯೆ ಕಬ್ಬಿನದು. ಕಬ್ಬಿನ ಸಿಪ್ಪೆ ಸುಟ್ಟರೆ ಕಾರ್ಬನ್ ಲೆಕ್ಕದಲ್ಲಿ ಸೊನ್ನೆ, ಯಾಕೆಂದರೆ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡದ್ದನ್ನೇ ವಾಪಸ್ ಬಿಡುತ್ತದೆ. ಭೂಮಿಯ ಬಿಸಿಯ ಮಟ್ಟಿಗೆ ಇದು ಸರಿ ಇರಬಹುದು. ಅವ್ವನ ಎದೆಗೆ ಹೋಗುವ ಹೊಗೆ ಸೊನ್ನೆ ಅಲ್ಲ. ಸಕ್ಕರೆ ಕಾರ್ಖಾನೆಯ ಚಿಮಣಿಗಾದರೂ ನಿಯಮ ಇದೆ, ಮಹಾಲಿಂಗಪುರದ ಕಡೆ ಬೆಲ್ಲದ ಗಾಣದ ಒಲೆಗೆ, ಹೊಲದ ರವದಿಗೆ ಕಾರ್ಬನ್ ಬೆಲೆ ಯಾವತ್ತೂ ಮುಟ್ಟುವುದಿಲ್ಲ. ಕಲ್ಲಿದ್ದಲ ತೆರಿಗೆಯಲ್ಲಿ ಸ್ವಲ್ಪ ಪಾಲು ಗಾಣದವರಿಗೆ ಒಳ್ಳೆ ಒಲೆ ಕಟ್ಟಿಸಲು, ರೈತರಿಗೆ ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಕೊಡಲು ಬರಬೇಕು. ರೈತರಿಗೆ ಸುಮ್ನೆ ದಂಡ ಹಾಕಿದರೆ ಏನೂ ಆಗದು.

ಮೀಟರ್ ವಿಷಯಕ್ಕೆ ಬಂದರೆ, ಚಾರ್ಜಿಂಗ್ ಪಿನ್ ಬೇಗ ಸಡಿಲ ಆಯಿತು, ಮಾರಿದವರು ಫೋನ್ ಎತ್ತಲಿಲ್ಲ. ಮನೆಯಲ್ಲಿ ದಮ್ಮಿನವರಿದ್ದರೆ ಆದರೂ ಕೊಳ್ಳಿ. ಕಾರ್ಬನ್ ಅಂಕಿಯೂ ಬೇಕಾದರೆ ಎನ್‌ಡಿಐಆರ್ ಸೆನ್ಸರ್ (ಇನ್ಫ್ರಾರೆಡ್ ಬೆಳಕಿನಿಂದ ಕಾರ್ಬನ್ ಡೈಆಕ್ಸೈಡನ್ನೇ ಅಳೆಯುವಂಥದ್ದು) ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.